ಮೈಯಲ್ಲಿದ್ದೂ ಸಿಗದ ಕಬ್ಬಿಣಕ್ಕೆ ಏನೆನ್ನುವುದು?

ಗೆಳೆಯರೇ, ನನಗೊಂದು ಪದ ಬೇಕಾಗಿದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದ ನನ್ನ ಸೋದರಮಾವನಿಗೆ ಸಿಒಪಿಡಿ ಇದೆ, ಅಂದರೆ ಉಸಿರಾಟ ಕಷ್ಟವಾಗುವ ಬಹುಕಾಲದ ಶ್ವಾಸಕೋಶದ ಕಾಯಿಲೆ. ಅವರು ಅದನ್ನು ದಮ್ಮು ಅಂತಲೇ ಕರೆಯುತ್ತಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಸುಸ್ತು. ಮೊನ್ನೆ ರಕ್ತದ ರಿಪೋರ್ಟ್ ನೋಡಿದ ಡಾಕ್ಟರು, "ಕಬ್ಬಿಣ ಮೈಯಲ್ಲಿದೆ, ಕೆಲಸಕ್ಕೆ ಸಿಗ್ತಿಲ್ಲ" ಎಂದರು. ಮಾವ ಮನೆಗೆ ಬಂದು ಅತ್ತೆಗೆ ಹೇಳಿದ್ದು, "ಕಬ್ಬಿಣ ಕಡಿಮೆಯಂತೆ." ಅವತ್ತಿನಿಂದ ದಿನವೂ ನುಗ್ಗೆಸೊಪ್ಪು. ಆದರೆ ಆ ಎರಡು ಮಾತೂ ಒಂದೇ ಅಲ್ಲ, ಅಲ್ವಾ?

ಸಿಒಪಿಡಿಯಲ್ಲಿ ಇರುವಂಥ ಬಹುಕಾಲದ ಉರಿಯೂತ (ಇನ್‌ಫ್ಲಮೇಶನ್) ಇದ್ದಾಗ ನಮ್ಮ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಜೀವಕೋಶದಿಂದ ಕಬ್ಬಿಣ ಹೊರಗೆ ಬರುವ ಬಾಗಿಲು ಫೆರೊಪೋರ್ಟಿನ್. ಹೆಪ್ಸಿಡಿನ್ ಆ ಬಾಗಿಲನ್ನು ಮುಚ್ಚುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು, ಅವುಗಳ ಕೈಗೆ ಸಿಗದಿರಲಿ ಅಂತ ದೇಹ ಹೂಡಿದ ಉಪಾಯ ಇದು. ನಾಲ್ಕು ದಿನದ ಜ್ವರಕ್ಕೆ ಸರಿ. ವರ್ಷಾನುಗಟ್ಟಲೆ ಹೀಗೇ ನಡೆದರೆ ರಕ್ತಕ್ಕೂ ಸ್ನಾಯುವಿಗೂ ಕಬ್ಬಿಣ ಸಾಲದು. ಕರುಳಿನಲ್ಲೂ ಅದೇ ಬಾಗಿಲು, ಹಾಗಾಗಿ ತಿಂದದ್ದೂ ಪೂರ್ತಿ ಒಳಗೆ ಸೇರುವುದಿಲ್ಲ. ಇಂಥವರಲ್ಲಿ ಕೂಡಿಟ್ಟ ಕಬ್ಬಿಣದ ಅಳತೆಯಾದ ಫೆರಿಟಿನ್ ಚೆನ್ನಾಗಿಯೇ ಕಾಣಬಹುದು. ಕಬ್ಬಿಣ ಹೊತ್ತು ತಿರುಗುವ ಟ್ರಾನ್ಸ್‌ಫೆರಿನ್ ಮಾತ್ರ ಶೇಕಡಾ 20ರಷ್ಟೂ ತುಂಬಿರುವುದಿಲ್ಲ. ಇನ್ನೊಂದು ಕಡೆ, ಬೀಡಿ ಸಿಗರೇಟು ಸೇದುವವರ ಶ್ವಾಸಕೋಶದ ರಕ್ಷಕ ಕೋಶಗಳಲ್ಲಿ ಕಬ್ಬಿಣ ರಾಶಿ ಬಿದ್ದಿರುತ್ತದೆ. ಒಂದೇ ಮೈಯಲ್ಲಿ ಅಲ್ಲಿ ಹೆಚ್ಚು, ಇಲ್ಲಿ ಇಲ್ಲ!

ಇದನ್ನು "ಕೊರತೆ" ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ಕೊರತೆ ಅಂದರೆ ಇಲ್ಲ ಅಂತಲೇ ಕೇಳಿದವರಿಗೆ ಅನ್ನಿಸುತ್ತದೆ. ವೈದ್ಯಕೀಯದ "ಕ್ರಿಯಾತ್ಮಕ ಕೊರತೆ" (ಫಂಕ್ಷನಲ್ ಡೆಫಿಶಿಯನ್ಸಿ) ಅಂದರೆ ಮಾವನಿಗೆ ಏನೂ ತಿಳಿಯುವುದಿಲ್ಲ.

ನಾನು ಅವರಿಗೆ ಹೇಳಿದ್ದು ಹೀಗೆ: "ಹಗೇವಿನ ತುಂಬ ಜೋಳ ಇದೆ ಮಾವ, ಬಾಯಿಗೆ ಚಪ್ಪಡಿ ಬಿದ್ದಿದೆ." ತಕ್ಷಣ ಅರ್ಥವಾಯಿತು. ಆದರೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಕಂಡಿರದ ಅವರ ಮಗನಿಗೆ ಅರ್ಥವಾಗಲಿಲ್ಲ.

ಆಮೇಲೆ ಹೊಳೆದದ್ದು "ಒದಗು". "ದುಡ್ಡಿತ್ತು, ಹೊತ್ತಿಗೆ ಒದಗಲಿಲ್ಲ" ಅಂತೀವಲ್ಲ, ಇದೂ ಹಾಗೇ. "ಕಬ್ಬಿಣ ಒದಗುತ್ತಿಲ್ಲ" ಎಂದು ಮಾತಿನಲ್ಲಿ ಹೇಳಬಹುದು. ನಾಮಪದ ಮಾಡುವಾಗ "ಒದಗದ ಕಬ್ಬಿಣ" ಅಂದರೆ ನಿಮ್ಮ ಕಿವಿಗೆ ಸರಿ ಬರುತ್ತದೆಯೇ? ಚಿತ್ರದುರ್ಗದ ಕಡೆಯವರು ಇದಕ್ಕೆ ಬೇರೆ ಮಾತು ಬಳಸುವುದಿದ್ದರೆ ದಯವಿಟ್ಟು ತಿಳಿಸಿ. ಮಾವ ಮುಂದಿನ ವಾರ ಮತ್ತೆ ಡಾಕ್ಟರ ಹತ್ತಿರ ಹೋಗಬೇಕು, ಅಷ್ಟರೊಳಗೆ ಅತ್ತೆಗೂ ಸರಿಯಾಗಿ ಹೇಳಬೇಕು.