ಡಿಸ್ಕೋ-ಫಂಕ್ ಬ್ಯಾಂಡ್: ಬಾಸ್-ಕಿಕ್ ಸೇರಿ ಗುಂಯ್ ಅಂತಿದೆ, ಗಿಟಾರ್ ರಾಕ್ ಥರ ಕೇಳ್ತಿದೆ

ಸರಸ್ವತಿಪುರಂ ಗ್ರೂವ್:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಐದು ಜನರ ಬ್ಯಾಂಡ್ ನಮ್ಮದು. 70ರ ದಶಕದ ಡಿಸ್ಕೋ-ಫಂಕ್ ಸೌಂಡಿನಲ್ಲಿ ಕನ್ನಡ ಹಾಡು ಕಟ್ಟುತ್ತಿದ್ದೇವೆ. ಟೆಂಪೊ 118 (ನಿಮಿಷಕ್ಕೆ 118 ಬೀಟ್). ಕಾರ್ಡ್ ಎರಡೇ: ಇ ಮೈನರ್ 7 ಎರಡು ಬಾರ್ (ನಾಲ್ಕು ಬೀಟಿಗೊಂದು ಬಾರ್), ಎ 9 ಎರಡು ಬಾರ್, ಅದೇ ಸುತ್ತುತ್ತೆ. ಡೆಮೊ ಕೇಳಿದವರು ರಾಕ್ ಬ್ಯಾಂಡ್ ಡ್ಯಾನ್ಸ್ ಹಾಡು ನುಡಿಸಿದ ಹಾಗಿದೆ ಅಂತಾರೆ.

ಕಾರ್ಡ್ ಎಗೆ ಬಂದ ಕೂಡಲೇ ಬಾಸ್ ಮತ್ತು ಕಿಕ್ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಸೇರಿ ಗುಂಯ್ ಅನ್ನುತ್ತೆ, ಇಯಲ್ಲಿ ಅಷ್ಟಿಲ್ಲ. ಗಿಟಾರ್ ದಪ್ಪಗಿದೆ, ಆದರೂ ಮಿಕ್ಸಿನಲ್ಲಿ ಕೇಳಿಸಲ್ಲ. ಕಾಯಿಲ್ ಸ್ಪ್ಲಿಟ್ (ಪಿಕಪ್ಪಿನ ಎರಡು ಸುರುಳಿಯಲ್ಲಿ ಒಂದನ್ನು ಬಂದ್ ಮಾಡೋದು) ಹಾಕಿದರೆ ಹಗುರಾಗುತ್ತೆ, ಆದರೆ ಹಮ್, ಅಂದರೆ ಕರೆಂಟಿನ ಸದ್ದು, ಶುರುವಾಗುತ್ತೆ. ಕೀಬೋರ್ಡಿನ ಸ್ಟ್ರಿಂಗ್ಸ್ ಬಂದ ಮೇಲಂತೂ ಎಲ್ಲಾ ಮುಚ್ಚಿಹೋಗುತ್ತೆ.

ಸಾಮಾನು: ನಾಲ್ಕು ತಂತಿಯ ಜಾಝ್ ಬಾಸ್, ಹೊಸ ರೌಂಡ್‌ವೂಂಡ್ ತಂತಿ (ಮೇಲೆ ಗುಂಡು ತಂತಿ ಸುತ್ತಿದ್ದು). ಎರಡು ಹಂಬಕರಿನ (ಜೋಡಿ ಸುರುಳಿಯ ಪಿಕಪ್) ಗಿಟಾರ್, ಆಂಪಿನಲ್ಲಿ ಸ್ವಲ್ಪ ಗೇನ್ (ಸದ್ದು ಒರಟು ಮಾಡುವ ನಾಬ್). ಐದು ಪೀಸಿನ ಡ್ರಮ್ ಕಿಟ್, 61 ಕೀ ಕೀಬೋರ್ಡ್, ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡೋಕೆ ಎಂಟು ಇನ್‌ಪುಟ್ ಇಂಟರ್‌ಫೇಸ್. ರೂಮು 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದೆ. ಟೇಪ್ ಪ್ಲಗಿನ್, ವಿನೈಲ್ ಪ್ಲಗಿನ್ ಎರಡೂ ಹಾಕಿ ನೋಡಿದ್ದಾಯ್ತು. ಬೇರೆ ಯಾವುದು ಕೊಳ್ಳಬೇಕು?

ಫ್ಲಾಟ್‌ವೂಂಡ್ ಪ್ರಿಯ:

ಸದ್ಯಕ್ಕೆ ಏನೂ ಕೊಳ್ಳಬೇಡಿ ಸರ್. ಬಾಸನ್ನು ಕೇಬಲಿನಿಂದ ನೇರ ಇಂಟರ್‌ಫೇಸಿಗೆ ಹಾಕಿ ರೆಕಾರ್ಡ್ ಮಾಡಿ, ಆ ಟ್ರ್ಯಾಕ್ ಒಂದನ್ನೇ ಹೆಡ್‌ಫೋನಿನಲ್ಲಿ ಕೇಳಿ. ಅಲ್ಲಿ ಎ ಸ್ವರ ಉಬ್ಬದಿದ್ದರೆ ತಪ್ಪು ಬಾಸಿನದ್ದಲ್ಲ, ರೂಮಿನದ್ದು.

ಲೆಕ್ಕ ಹೀಗೆ. ಎದುರುಬದುರು ಗೋಡೆಗಳ ನಡುವೆ ನಿಲ್ಲುವ ಅಲೆಯ ಆವರ್ತನ ಅಂದರೆ ಶಬ್ದದ ವೇಗವನ್ನು ಅಂತರದ ಎರಡರಷ್ಟರಿಂದ ಭಾಗಿಸಿದ್ದು. 10 ಅಡಿ ಅಂದರೆ 3.05 ಮೀಟರ್, 343 ಅನ್ನು 6.1ರಿಂದ ಭಾಗಿಸಿದರೆ 56 ಹರ್ಟ್ಸ್. ಬಾಸಿನ ಖಾಲಿ ಎ ತಂತಿ 55 ಹರ್ಟ್ಸ್! ಅಗಲವೂ 10, ಎತ್ತರವೂ 10, ಹಾಗಾಗಿ ಒಂದೇ ಸ್ವರಕ್ಕೆ ಎರಡೂ ಕಡೆಯಿಂದ ಒತ್ತು ಬೀಳುತ್ತೆ. 12 ಅಡಿಯ ಕಡೆ 47 ಹರ್ಟ್ಸ್. ಖಾಲಿ ಇ ತಂತಿ 41, ಅದಕ್ಕೇ ಅದು ತಪ್ಪಿಸಿಕೊಂಡಿದೆ. ಎಫ್ ಶಾರ್ಪ್ (46 ಹರ್ಟ್ಸ್) ನುಡಿಸಿ ನೋಡಿ, ಅಲ್ಲೂ ಉಬ್ಬುತ್ತೆ.

ಮೊಟ್ಟೆ ಟ್ರೇ ಇದಕ್ಕೆ ಏನೂ ಮಾಡಲ್ಲ. 56 ಹರ್ಟ್ಸ್ ಅಲೆಯ ಉದ್ದ ಆರು ಮೀಟರ್ ದಾಟುತ್ತೆ, ಕಾಗದದ ಟ್ರೇ ಅದಕ್ಕೆ ಲೆಕ್ಕಕ್ಕೇ ಇಲ್ಲ. ರೆಕಾರ್ಡಿಂಗ್ ಹೊತ್ತಿಗೆ ಬಾಸ್ ಆಂಪ್ ಆಫ್ ಮಾಡಿ, ಎಲ್ಲರೂ ಹೆಡ್‌ಫೋನ್ ಹಾಕಿಕೊಳ್ಳಿ. ಇಲ್ಲದಿದ್ದರೆ ಆ ಗುಂಯ್ ಡ್ರಮ್ ಮೈಕುಗಳಿಗೆ ನುಗ್ಗುತ್ತೆ, ಆಮೇಲೆ ಯಾವ ಇಕ್ಯೂ (ಆವರ್ತನಗಳನ್ನು ಏರಿಸಿ ಇಳಿಸುವ ಸಾಧನ) ಹಾಕಿದರೂ ಹೋಗಲ್ಲ. ಪ್ರಾಕ್ಟೀಸಿನಲ್ಲಿ ಆಂಪ್ ಬೇಕೇ ಬೇಕು ಅಂದರೆ ಮೂಲೆಯಿಂದ ಈಚೆಗೆ ತನ್ನಿ.

ಇನ್ನು ಸ್ವರದ ಉದ್ದ. 118ರಲ್ಲಿ ಒಂದು ಬೀಟಿಗೆ 508 ಮಿಲಿಸೆಕೆಂಡು, ಅದರ ಕಾಲು ಭಾಗ 127. ಹೊಸ ರೌಂಡ್‌ವೂಂಡ್ ತಂತಿ ಮೀಟಿ ಬಿಟ್ಟರೆ ಸೆಕೆಂಡುಗಟ್ಟಲೆ ಮೊಳಗುತ್ತೆ, ಬೀಟಿಗೊಂದು ಬರುವ ಕಿಕ್ಕಿಗೆ ಜಾಗವೇ ಉಳಿಯಲ್ಲ. ಸೋಫಾ ಕುಶನ್ ಅಂಗಡಿಯಲ್ಲಿ ತುಂಡು ಫೋಮ್ ಸಿಗುತ್ತೆ. 8 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ ಕತ್ತರಿಸಿ. ಎತ್ತರಕ್ಕೆ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಜಾಗ) ಹತ್ತಿರ ತಂತಿಗೂ ಬಾಡಿಗೂ ಇರುವ ಅಂತರ ಅಳೆದು 2-3 ಮಿ.ಮೀ. ಸೇರಿಸಿ. ಬ್ರಿಡ್ಜಿಗೆ ಒತ್ತಿ ತಂತಿಗಳ ಕೆಳಗೆ ತೂರಿಸಿ. ತಂತಿಗೆ ತಾಗಿದರೆ ಸಾಕು, ಮೇಲಕ್ಕೆ ನೂಕಬಾರದು. ಹಾಕಿದ ಮೇಲೆ ಟ್ಯೂನಿಂಗ್ ಮತ್ತೊಮ್ಮೆ ನೋಡಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬಾಸಿಸ್ಟ್ ಜೇಮ್ಸ್ ಜೇಮರ್ಸನ್ ಅವರ ಪ್ರಿಸಿಷನ್ ಬಾಸಿನಲ್ಲಿ ಬ್ರಿಡ್ಜ್ ಮುಚ್ಚಳದ ಕೆಳಗೆ ಇದ್ದದ್ದೂ ಫೋಮೇ, ಜೊತೆಗೆ ಫ್ಲಾಟ್‌ವೂಂಡ್ ತಂತಿ (ಮೇಲೆ ಚಪ್ಪಟೆ ಪಟ್ಟಿ ಸುತ್ತಿದ್ದು, ಸೌಂಡ್ ಮಂಕು). ನೀವೂ ಫ್ಲಾಟ್‌ವೂಂಡಿಗೆ ಬದಲಾಯಿಸಿ.

ಮಂಡ್ಯ ಟೇಪ್‌ರೀಲ್:

ರೂಮಿನ ಲೆಕ್ಕ, ಫೋಮು ಎರಡೂ ಒಪ್ಪಿದೆ. ಫ್ಲಾಟ್‌ವೂಂಡ್ ಮಾತ್ರ ಒಪ್ಪಲ್ಲ ಗುರು. ಜೇಮರ್ಸನ್ 60ರ ದಶಕದ ಸೋಲ್. ಇವರು ಕೇಳ್ತಿರೋದು 70ರ ಕೊನೆಯ ಡಿಸ್ಕೋ. ಶೀಕ್ ಬ್ಯಾಂಡಿನ ಬರ್ನಾರ್ಡ್ ಎಡ್ವರ್ಡ್ಸ್ ಕೈಲಿದ್ದದ್ದು ಮ್ಯೂಸಿಕ್‌ಮ್ಯಾನ್ ಸ್ಟಿಂಗ್‌ರೇ, ಅದರ ಸೌಂಡ್ ಮಂಕಲ್ಲ. ಸ್ವರ ಚಿಕ್ಕದು, ಆದರೆ ಮೊದಲ ಪೆಟ್ಟು ಸ್ಪಷ್ಟ. ಈಗಿನ ವುಲ್ಫ್‌ಪೆಕ್‌ನ ಜೋ ಡಾರ್ಟ್ ಕೇಳಿ, ಪ್ರತಿ ಸ್ವರಕ್ಕೂ ಅಂಚಿದೆ. ಫ್ಲಾಟ್‌ವೂಂಡ್ ಸೆಟ್ ದುಬಾರಿ; ಬಿಗಿ ಹೆಚ್ಚಿರುವ ಸೆಟ್ ಬಿದ್ದರೆ ನೆಕ್ ಬಾಗಿ ಅದರೊಳಗಿನ ಟ್ರಸ್ ರಾಡ್ (ಬಾಗು ಸರಿಮಾಡುವ ಸಲಾಕೆ) ಕೂಡ ತಿರುಗಿಸಬೇಕಾಗುತ್ತೆ. ಇದ್ದ ತಂತಿಯೇ ಇರಲಿ. ಟೋನ್ ನಾಬ್ ಅರ್ಧಕ್ಕೆ ಇಳಿಸಿ, ಎಡಗೈ ಬೆರಳನ್ನು ಫ್ರೆಟ್ಟಿನಿಂದ ಎತ್ತದೆ ಒತ್ತಡ ಮಾತ್ರ ಸಡಿಲಿಸಿ ಸ್ವರ ನಿಲ್ಲಿಸುವುದನ್ನು ಕಲಿಸಿ. ಆ ಖಾಲಿ ಎ ಬಿಟ್ಟು ಇ ತಂತಿಯ 5ನೇ ಫ್ರೆಟ್ಟಿನಲ್ಲಿ ಅದೇ ಎ ನುಡಿಸಲಿ. ಖಾಲಿ ತಂತಿ ನಿಲ್ಲಿಸೋದು ಕಷ್ಟ, ಒತ್ತಿದ ಸ್ವರ ನಿಲ್ಲಿಸೋದು ಸುಲಭ.

ಹಮ್ ವಿಚಾರ. ಕಾಯಿಲ್ ಸ್ಪ್ಲಿಟ್ ಅಂದರೆ ಹಂಬಕರಿನ ಒಂದು ಸುರುಳಿ ಬಂದ್. ಹಮ್ ಕಳೆಯುವ ಜೋಡಿಯೇ ಮುರಿದ ಮೇಲೆ ನಮ್ಮ 50 ಹರ್ಟ್ಸ್ ಕರೆಂಟಿನ ಸದ್ದು ಬಂದೇ ಬರುತ್ತೆ. ಸೆಲೆಕ್ಟರನ್ನು ನಡುವಿಗಿಟ್ಟು ಎರಡೂ ಪಿಕಪ್ ಸ್ಪ್ಲಿಟ್ ಮಾಡಿ ನೋಡಿ. ಬಹಳ ಗಿಟಾರುಗಳಲ್ಲಿ ಆ ಎರಡು ಸುರುಳಿ ಒಂದಕ್ಕೊಂದು ಉಲ್ಟಾ ಇರುತ್ತವೆ, ಹಮ್ ತಾನಾಗಿ ಹೋಗುತ್ತೆ. ಹೋಗದಿದ್ದರೆ ಗಿಟಾರ್ ಹಿಡಿದು ನಿಂತಲ್ಲೇ ಕಾಲು ಸುತ್ತು ತಿರುಗಿ. ತಿರುಗಿದಂತೆ ಕಡಿಮೆಯಾದರೆ ಪಿಕಪ್ಪೇ ಹಿಡೀತಿದೆ, ಅಡಾಪ್ಟರು, ಫ್ಯಾನ್ ರೆಗ್ಯುಲೇಟರಿನಿಂದ ದೂರ ನಿಲ್ಲಿ. ಎಲ್ಲಿ ತಿರುಗಿದರೂ ಒಂದೇ ಥರ ಇದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಆಗ ನಿಂತರೆ ಗ್ರೌಂಡ್ ಲೂಪು (ಎರಡು ದಾರಿಯ ಅರ್ಥ್ ಸೇರಿ ಆಗುವ ಸುತ್ತು): ಲ್ಯಾಪ್‌ಟಾಪು, ಇಂಟರ್‌ಫೇಸು, ಆಂಪು ಎಲ್ಲಾ ಒಂದೇ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. ಹಮ್ ಹೋಗಲಿ ಅಂತ ಅರ್ಥ್ ಪಿನ್ ಕೀಳೋದು ಬೇಡವೇ ಬೇಡ. ತಂತಿ ಮುಟ್ಟಿದಾಗ ಚುರುಕ್ ಅಂದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಅಂದಹಾಗೆ, ಕರೆಂಟ್ ಹೋದಾಗ ಮಾತ್ರ ಹಮ್ ಜೋರಾಗುತ್ತಾ? ಹಾಗಿದ್ದರೆ ಮನೆಯ ಇನ್ವರ್ಟರು ಸ್ಕ್ವೇರ್ ವೇವ್. ಅದರಲ್ಲಿ ರೆಕಾರ್ಡ್ ಮಾಡಬೇಡಿ, ಆ ಝುಯ್ ಸದ್ದು ಎಲ್ಲಾ ಟ್ರ್ಯಾಕಿಗೂ ಹತ್ತುತ್ತೆ.

ಆರನೇ ತಂತಿ:

ಗಿಟಾರಿಗೆ ಬರ್ತೀನಿ. ಗೇನ್ ಪೂರ್ತಿ ತೆಗೀರಿ. ಆಂಪೂ ಬೇಡ, ಇಂಟರ್‌ಫೇಸಿನ ಇನ್‌ಸ್ಟ್ರುಮೆಂಟ್ ಇನ್‌ಪುಟ್ಟಿಗೆ ನೇರ ಹಾಕಿ. ಶೀಕ್ ಬ್ಯಾಂಡಿನ ಗಿಟಾರಿಸ್ಟ್ ನೈಲ್ ರಾಜರ್ಸ್ ಸೌಂಡ್ ಅಂತ ಜನ ಹುಡುಕೋದು ಇದನ್ನೇ: ಸ್ಟ್ರಾಟೋಕಾಸ್ಟರಿನ ನೆಕ್ ಪಿಕಪ್, ಕ್ಲೀನ್. 150 ಹರ್ಟ್ಸ್ ಕೆಳಗಿನದ್ದು ಕತ್ತರಿಸಿ, ಕಂಪ್ರೆಸರ್ (ಜೋರು ಸದ್ದನ್ನು ತಗ್ಗಿಸುವ ಸಾಧನ) 4:1, ಅಟ್ಯಾಕ್ (ಅದು ಹಿಡಿಯೋಕೆ ತಗೊಳ್ಳುವ ಹೊತ್ತು) 15 ಮಿಲಿಸೆಕೆಂಡು. ರಿವರ್ಬ್ ಬೇಡ. ಪಿಕ್ ತೆಳುವಾಗಿರಲಿ, ಅರ್ಧ ಮಿ.ಮೀ. ಸುಮಾರು.

ಒಂದು ಬೆರಳು ಅಡ್ಡಲಾಗಿ ಒತ್ತಿ ಆರೂ ತಂತಿಯ ಬಾರೆ ಕಾರ್ಡ್ ಹಿಡೀತಿದ್ದೀರಿ ಅನ್ನಿಸುತ್ತೆ, ದಪ್ಪಗಿದ್ದೂ ಕೇಳಿಸದಿರೋಕೆ ಅದೇ ಕಾರಣ. ಮೂಲ ಸ್ವರ ಬಾಸ್ ಕೊಡ್ತಾನೆ, ನಿಮಗೆ ಕೆಳಗಿನ ಮೂರು ಸಣ್ಣ ತಂತಿ ಸಾಕು. ಇ ಮೈನರ್ 7ಕ್ಕೆ ಜಿ ತಂತಿ 7ನೇ ಫ್ರೆಟ್, ಬಿ ತಂತಿ 8, ಸಣ್ಣ ಇ ತಂತಿ 7. ಎ 9ಕ್ಕೆ ಜಿ ತಂತಿ ಮಾತ್ರ 7ರಿಂದ 6ಕ್ಕೆ ಇಳಿಸಿ, ಉಳಿದೆರಡು ಅಲ್ಲೇ. ಒಂದೇ ಬೆರಳಿನ ಕೆಲಸ.

ಬಲಗೈ ಒಂದು ಕ್ಷಣವೂ ನಿಲ್ಲಬಾರದು. ಬೀಟಿಗೆ ತಕದಿಮಿ ಅಂತ ನಾಲ್ಕು ಪೆಟ್ಟು: ತ, ದಿ ಕೆಳಕ್ಕೆ, ಕ, ಮಿ ಮೇಲಕ್ಕೆ. ಸ್ವರ ಬೇಕಾದಲ್ಲಿ ಮಾತ್ರ ಎಡಗೈ ಒತ್ತಬೇಕು, ಮಿಕ್ಕಲ್ಲಿ ಬೆರಳು ತಂತಿ ಮೇಲೆ ಸುಮ್ಮನೆ ಕೂತಿರಬೇಕು, ಚಿಕ್ ಚಿಕ್ ಅನ್ನೋ ಒಣ ಸದ್ದು ಬರುತ್ತೆ. ಇದನ್ನು ಮೊದಲು 80ರ ಟೆಂಪೊದಲ್ಲಿ ಸಾಧಿಸಿ (ಗೆರೆ ಇದ್ದಲ್ಲಿ ಚಿಕ್):

ತ – – ಮಿ | – ಕ – – | ತ – ದಿ – | – ಕ – ಮಿ

80ರಿಂದ ಐದೈದರಂತೆ ಏರಿಸಿ 118ಕ್ಕೆ ಬನ್ನಿ. ವೇಗ ಏರಿದಾಗ ಕೆಡುವುದು ಮೇಲಿನ ಪೆಟ್ಟು. ಮೊಣಕೈಯಿಂದ ಹೊಡೆದರೆ ಕ, ಮಿ ಸೊರಗುತ್ತವೆ, ಮಣಿಕಟ್ಟಿನಿಂದ ಹೊಡೆಯಿರಿ.

ದೊಡ್ಡ ಗಡಿಯಾರ:

ಡ್ರಮ್ ಬಗ್ಗೆ ಯಾರೂ ಹೇಳಲಿಲ್ವಲ್ಲ. ಕಿಟ್ ಮೊಳಗುತ್ತಿರುವಾಗ ಬಾಸ್ ಎಷ್ಟು ಚಿಕ್ಕದಾದರೇನು?

ಕಿಕ್: ಹೊಡೆಯುವ ಕಡೆಯ ಚರ್ಮ ಸುಕ್ಕು ಹೋಗುವಷ್ಟು ಮಾತ್ರ ಬಿಗಿ ಮಾಡಿ, ಒಳಗೆ ಹಳೇ ಕಂಬಳಿ ಮಡಿಸಿ ಎರಡೂ ಚರ್ಮಕ್ಕೆ ತಾಗುವಂತೆ ಇಡಿ. ಸ್ನೇರ್ (ಕಾಲುಗಳ ನಡುವೆ ಇಡುವ ಚುರುಕು ಸದ್ದಿನ ಡ್ರಮ್): ಕಾಟನ್ ಟವೆಲನ್ನು ಎರಡು ಮಡಿಕೆ ಮಾಡಿ ಅರ್ಧ ಭಾಗ ಮುಚ್ಚಿ, ಅಂಚಿಗೆ ಟೇಪ್ ಹಾಕಿ. ಪೂರ್ತಿ ಮುಚ್ಚಿದರೆ ರಟ್ಟಿನ ಡಬ್ಬಿ ಬಡಿದಂತಾಗುತ್ತೆ. ಟಾಮುಗಳ (ಉಳಿದ ಡ್ರಮ್ಮುಗಳು) ಕೆಳಚರ್ಮ ಬಿಚ್ಚಿಡಿ. ಕ್ರ್ಯಾಶ್ ಸಿಂಬಲ್ ಒಂದೇ ಸಾಕು, ಅದೂ ಎಂಟು ಬಾರ್ ಕಳೆದ ಮೇಲೊಮ್ಮೆ.

ಹೈಹ್ಯಾಟ್, ಅಂದರೆ ಕಾಲಲ್ಲಿ ತೆರೆದು ಮುಚ್ಚುವ ಜೋಡಿ ಸಿಂಬಲ್, ಡಿಸ್ಕೋದ ಜೀವ. ಫಿಲಡೆಲ್ಫಿಯಾದ ಡ್ರಮ್ಮರ್ ಅರ್ಲ್ ಯಂಗ್ 1973ರ ಹೊತ್ತಿಗೆ ಬೀಟಿಗೊಂದು ಕಿಕ್, ಜೊತೆಗೆ ಮಾತಾಡುವ ಹೈಹ್ಯಾಟ್ ಅಂತ ಅಚ್ಚು ಹಾಕಿಕೊಟ್ಟರು, ಇವತ್ತಿಗೂ ಎಲ್ಲರೂ ಅದನ್ನೇ ಹಿಡಿದಿದ್ದಾರೆ. ಮೇಲೆ ಗಿಟಾರಿಗೆ ಕೊಟ್ಟ ತಕದಿಮಿಯಲ್ಲಿ ದಿ ಮೇಲೆ ತೆರೆದು, ಮುಂದಿನ ತ ಮೇಲೆ ಕಾಲಲ್ಲಿ ಮುಚ್ಚಿ. ತೆರೆಯುವುದು ಅರ್ಧ ಸೆಂ.ಮೀ.ಗಿಂತ ಕಡಿಮೆ. ರಾಕ್ ಡ್ರಮ್ಮರುಗಳು ಕಡ್ಡಿಯ ಪಕ್ಕದಿಂದ ಅಂಚಿಗೆ ಹೊಡೆದು ಹೊಡೆದು ಹೈಹ್ಯಾಟೇ ಎಲ್ಲಾ ಮೈಕಿಗೂ ತುಂಬುತ್ತೆ. ತುದಿಯಿಂದ, ಮೇಲ್ಭಾಗಕ್ಕೆ, ಮೆಲ್ಲಗೆ.

ಮೈಕು ನಾಲ್ಕು ಸಾಕು: ಕಿಕ್, ಸ್ನೇರ್, ಮೇಲೆ ಎರಡು. ಒಂದು ದಾರ ತಗೊಂಡು ಸ್ನೇರಿನ ನಡುವಿಂದ ಮೇಲಿನ ಎರಡೂ ಮೈಕಿಗೆ ಒಂದೇ ಉದ್ದ ಬರುವಂತೆ ನಿಲ್ಲಿಸಿ, ಮೂರಡಿಯ ಆಸುಪಾಸು. ಶಬ್ದ ಒಂದು ಮಿಲಿಸೆಕೆಂಡಿನಲ್ಲಿ 34 ಸೆಂ.ಮೀ. ಹೋಗುತ್ತೆ. ಆ ಎರಡು ದೂರಗಳ ನಡುವೆ ಅರ್ಧ ಅಡಿ ವ್ಯತ್ಯಾಸ ಬಂದರೂ ಸ್ನೇರ್ ಟೊಳ್ಳು ಕೇಳಿಸುತ್ತೆ.

ಸರಸ್ವತಿಪುರಂ ಗ್ರೂವ್:

ಹೆಡ್‌ಫೋನಿನಲ್ಲಿ ಎ ಉಬ್ಬಲ್ಲ, ರೂಮೇ ಸರಿ. ಎಫ್ ಶಾರ್ಪೂ ನೀವು ಹೇಳಿದ ಹಾಗೇ ಉಬ್ಬುತ್ತೆ. ಸೆಲೆಕ್ಟರ್ ನಡುವಿಗಿಟ್ಟರೆ ಹಮ್ ಇಲ್ಲ. ಫೋಮ್ ಹಾಕಿದ ಮೇಲೆ ಮೂರು ತಂತಿ ಚೆನ್ನಾಗಿವೆ, ಇ ತಂತಿ ಮಾತ್ರ ಬರೀ ಟಪ್ ಅನ್ನುತ್ತೆ, ಸ್ವರವೇ ಗೊತ್ತಾಗಲ್ಲ. ಕಿಕ್ ಜೊತೆ ಕೇಳಿದರೆ ಇನ್ನೂ ಸ್ವಲ್ಪ ಗುದ್ದಾಟ ಇದೆ. ಸ್ಟ್ರಿಂಗ್ಸ್ ಸಮಸ್ಯೆ ಹಾಗೇ ಇದೆ.

ಫ್ಲಾಟ್‌ವೂಂಡ್ ಪ್ರಿಯ:

ಇ ತಂತಿಯ ಕೆಳಗೆ ಫೋಮನ್ನು ಬ್ಲೇಡಿನಲ್ಲಿ 2 ಮಿ.ಮೀ. ಇಳಿಸಿ. ದಪ್ಪ ತಂತಿ ಹೆಚ್ಚು ಅಗಲಕ್ಕೆ ಕಂಪಿಸುತ್ತೆ, ಅದಕ್ಕೇ ಬೇಗ ಸಾಯುತ್ತೆ. ಗುದ್ದಾಟಕ್ಕೆ: ಕಿಕ್ಕಿಗೆ 60 ಹರ್ಟ್ಸ್ ಬಿಟ್ಟುಕೊಡಿ, ಬಾಸಿನಲ್ಲಿ ಅಲ್ಲಿ 3 ಡಿಬಿ ಇಳಿಸಿ 100ರ ಹತ್ತಿರ ಸ್ವಲ್ಪ ಏರಿಸಿ, 35ರ ಕೆಳಗಿನದ್ದು ಕತ್ತರಿಸಿ. ಬಾಸ್ ಕಂಪ್ರೆಸರ್ 4:1, ಅಟ್ಯಾಕ್ 25, ರಿಲೀಸ್ (ಹಿಡಿತ ಬಿಡುವ ಹೊತ್ತು) 120 ಮಿಲಿಸೆಕೆಂಡು, ಸೂಜಿ 4ರಿಂದ 6 ಡಿಬಿ ಇಳಿದರೆ ಸಾಕು. ರಿಲೀಸ್ 500 ದಾಟಿಸಿದರೆ ಮುಂದಿನ ಬೀಟಿನೊಳಗೆ ಅದು ಬಿಡುವುದೇ ಇಲ್ಲ, ಗ್ರೂವ್ ಚಪ್ಪಟೆಯಾಗುತ್ತೆ. ಆಮೇಲೆ ಸ್ಕ್ರೀನಿನಲ್ಲಿ ಹಿಗ್ಗಿಸಿ ನೋಡಿ: ಬಾಸಿನ ಮೊದಲ ಪೆಟ್ಟು ಕಿಕ್ಕಿಗಿಂತ 10 ಮಿಲಿಸೆಕೆಂಡಿಗಿಂತ ಹೆಚ್ಚು ಮುಂದಿದ್ದರೆ ಮತ್ತೆ ನುಡಿಸಿ. ಎಳೆದು ಕೂರಿಸಿ ಸರಿಮಾಡೋಕೆ ಹೋದರೆ ಕಿವಿಗೆ ಗೊತ್ತಾಗುತ್ತೆ.

ಮಂಡ್ಯ ಟೇಪ್‌ರೀಲ್:

ಸ್ಟ್ರಿಂಗ್ಸಿಗೆ ಕಾರಣ ಎಡಗೈ ಇರಬೇಕು. ನಿಮ್ಮ ಕೀಬೋರ್ಡಿನವರು ಆರ್ಕೆಸ್ಟ್ರಾದಲ್ಲಿ ನುಡಿಸಿದವರಾ? ಅಲ್ಲಿ ಒಬ್ಬರೇ ಇಡೀ ಹಾಡು ತುಂಬಬೇಕು, ಎಡಗೈ ಬಾಸ್ ಹಿಡಿಯುವುದು ಅಭ್ಯಾಸ ಆಗಿರುತ್ತೆ. ಇಲ್ಲಿ ಎಡಗೈ ಜೇಬಿನಲ್ಲಿರಲಿ. ಆಧುನಿಕ ಸ್ಟೀರಿಯೊ ಆರ್ಕೆಸ್ಟ್ರಾ ಪ್ಯಾಚ್ ಬಿಟ್ಟು, ಸಾ-ಟೂತ್ (ಗರಗಸದ ಹಲ್ಲಿನಾಕಾರದ) ಅಲೆಯ ಸಾದಾ ಪ್ಯಾಚಿಗೆ ಜೋರು ಕೋರಸ್ ಇಫೆಕ್ಟ್ (ಒಂದೇ ಸದ್ದನ್ನು ಹಲವಾಗಿ ಕೇಳಿಸುವುದು) ಹಾಕಿ. 1974ರ ಸೊಲೀನಾ ಸ್ಟ್ರಿಂಗ್ ಮೆಷೀನಿನ ಒಳಗಿನ ಗುಟ್ಟೂ ಕೋರಸ್ಸೇ. ಮಧ್ಯ ಸಿ ಮೇಲೆ ಎರಡೇ ಸ್ವರ, 300 ಹರ್ಟ್ಸ್ ಕೆಳಗೆ ಏನೂ ಬೇಡ, ಪ್ಯಾಚಿನ ರಿಲೀಸ್ (ಕೀ ಬಿಟ್ಟ ಮೇಲೂ ಉಳಿಯುವ ಸದ್ದು) ಕಡಿಮೆ ಮಾಡಿ.

ಹಾಡುವವರಿಗೂ ಇದೇ. ಕನ್ನಡ ಪದ ಬಹುಪಾಲು ಸ್ವರಾಕ್ಷರದಲ್ಲಿ ಮುಗಿಯುತ್ತೆ, ಸಾಲಿನ ಕೊನೆಯ ಅ, ಇ, ಉ ಎಳೆದರೆ ಮುಂದಿನ ಹೈಹ್ಯಾಟ್ ಮೇಲೆ ಬೀಳುತ್ತೆ. ತುಂಡು ಮಾಡಿ ಹಾಡಿಸಿ. ಗಮಕ ಚರಣಗಳನ್ನು ಜೋಡಿಸುವ ನಡುಭಾಗಕ್ಕಿರಲಿ.

ಟೇಪ್ ಪ್ಲಗಿನ್ ಕೊನೆಗೆ ಹಾಕಿ, ಬೇಡ ಅನ್ನಿಸಲೂಬಹುದು. ಡಾಫ್ಟ್ ಪಂಕ್ 2013ರ ಆಲ್ಬಮ್ಮಿಗೆ ಇದೇ ನೈಲ್ ರಾಜರ್ಸ್, ಬಾಸಿಗೆ ನೇಥನ್ ಈಸ್ಟ್, ಡ್ರಮ್ಮಿಗೆ ಒಮರ್ ಹಕೀಮ್ ಅಂಥವರನ್ನು ಕರೆಸಿ ಕೂರಿಸಿದರು. ಬರೀ ಯಂತ್ರದಲ್ಲಿ ಸಿಗೋದಾಗಿದ್ದರೆ ಆ ಖರ್ಚು ಯಾಕೆ ಮಾಡ್ತಿದ್ದರು?

ಸರಸ್ವತಿಪುರಂ ಗ್ರೂವ್:

ಕೊನೆಯದೊಂದು ಕೇಳ್ತೀನಿ ಅಣ್ಣ. ಬಯಲು ರಂಗಮಂದಿರದಂಥ ತೆರೆದ ಜಾಗದಲ್ಲಿ ನುಡಿಸಬೇಕಾದರೆ ಫೋಮ್ ತೆಗೀಬೇಕಾ?

ಮಂಡ್ಯ ಟೇಪ್‌ರೀಲ್:

ತೆಗೀಬೇಡಿ. ಬಯಲಲ್ಲಿ 56 ಹರ್ಟ್ಸಿನ ಕಾಟ ಇಲ್ಲ, ಅಲ್ಲಿ ಕಾಟ ಕೊಡೋದು ಸಬ್ ವೂಫರು. ಸೌಂಡ್ ಸಿಸ್ಟಮ್‌ನವರು ಡಿಜೆಗೆ ಸೆಟ್ ಮಾಡಿದ್ದನ್ನೇ ಬಿಟ್ಟಿರ್ತಾರೆ. ಸೌಂಡ್ ಚೆಕ್ಕಿನಲ್ಲಿ ಮೂರು ಮಾತು ಕೇಳಿ: ಸಬ್ಬಿಗೆ ಕಿಕ್ ಮತ್ತು ಬಾಸ್ ಎರಡೇ ಹೋಗಲಿ, ಮಿಕ್ಕ ಎಲ್ಲಾ ಚಾನೆಲ್ಲಿನಲ್ಲೂ 100 ಹರ್ಟ್ಸ್ ಕೆಳಗಿನದ್ದು ಕತ್ತರಿಸಲಿ (ಲೋ ಕಟ್), ಕಿಕ್ಕಿನಲ್ಲಿ 4 ಕಿಲೋಹರ್ಟ್ಸ್ ಹತ್ತಿರ ಏರಿಸಿಟ್ಟಿದ್ದರೆ ಇಳಿಸಲಿ, ಆ ಟಕ್ ಟಕ್ ಮೆಟಲ್ ಬ್ಯಾಂಡಿಗೆ ಸರಿ. ಸ್ಟೇಜಿಗೆ ಜನರೇಟರಿನಿಂದ ಕರೆಂಟ್ ಬಂದರೆ ಅರ್ಥಿಂಗ್ ಸರಿಯಿದೆಯಾ ಅಂತ ಅವರ ಎಲೆಕ್ಟ್ರಿಷಿಯನ್ ಕೈಲಿ ಮೊದಲೇ ನೋಡಿಸಿ, ಆಮೇಲೆ ಮೈಕಿಗೆ ಬಾಯಿ ತಾಗಿಸಿ.