ಥೈರಾಯ್ಡ್ ಮಾತ್ರೆ ಶುರುವಾಗಿ ಮೂರು ತಿಂಗಳು, ತೂಕ ಮಾತ್ರ ಇಳಿಯುತ್ತಿಲ್ಲ

ಕೇಳಿದವರು:
ವಯಸ್ಸು 34. ಒಂದು ವರ್ಷದಲ್ಲಿ 11 ಕೆಜಿ ಏರಿದ್ದೇನೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯ ಕೆಲಸ ತಗ್ಗಿದಾಗ ಏರುವ ಹಾರ್ಮೋನ್) 14 ಬಂತು. ಹೈಪೋಥೈರಾಯ್ಡ್, ಅಂದರೆ ಗ್ರಂಥಿ ಕಡಿಮೆ ಹಾರ್ಮೋನ್ ಮಾಡುತ್ತಿದೆ ಎಂದು ವೈದ್ಯರು ಆ ಕೊರತೆ ತುಂಬುವ ಲೆವೊಥೈರಾಕ್ಸಿನ್ ಮಾತ್ರೆ, 50 ಮೈಕ್ರೋಗ್ರಾಂ, ಕೊಟ್ಟರು. ಮೂರು ತಿಂಗಳಿನಲ್ಲಿ ಟಿಎಸ್‌ಎಚ್ 3ಕ್ಕೆ ಇಳಿದಿದೆ, ತೂಕ ಇಳಿದದ್ದು ಎರಡೇ ಕೆಜಿ. ಮಾತ್ರೆಯ ಪ್ರಮಾಣ ಹೆಚ್ಚಿಸಿದರೆ ಉಳಿದದ್ದೂ ಕರಗುತ್ತದೆಯೇ? ಇದನ್ನು ದಾಟಿ ಬಂದವರು ದಯವಿಟ್ಟು ತಿಳಿಸಿ.

ಉತ್ತರ 1:
ಒಂಬತ್ತು ವರ್ಷಗಳಿಂದ ಇದೇ ಮಾತ್ರೆ ನುಂಗುತ್ತಿದ್ದೇನೆ. ಮಾತ್ರೆ ಕೈಗೆ ಬಂದ ದಿನವೇ ನಾನು ಬೀರುವಿನ ತಳದಿಂದ ಹಳೆಯ ಬಟ್ಟೆಗಳನ್ನು ತೆಗೆದು, ಒಗೆದು, ಮಡಿಸಿ ಮೇಲಿಟ್ಟಿದ್ದೆ. ಅವುಗಳಲ್ಲಿ ಅರ್ಧ ಇನ್ನೂ ಅಲ್ಲೇ ಇವೆ.

ನನಗೆ ಏರಿದ್ದು 9 ಕೆಜಿ. “ಇದರಲ್ಲಿ ಥೈರಾಯ್ಡ್‌ನ ಪಾಲು ಮೂರೋ ನಾಲ್ಕೋ ಇರಬಹುದು, ಉಳಿದದ್ದಕ್ಕೆ ಕಾರಣ ಬೇರೆ ಕಡೆ ಹುಡುಕಬೇಕು” ಎಂದರು ವೈದ್ಯೆ. ಸಿಟ್ಟು ಬಂದಿತ್ತು. ಹಾರ್ಮೋನ್ ಕಡಿಮೆಯಾದಾಗ, ಸುಮ್ಮನೆ ಕುಳಿತಿದ್ದರೂ ದೇಹ ಖರ್ಚು ಮಾಡುವ ಶಕ್ತಿ ತಗ್ಗುತ್ತದೆ, ಅದು ನಿಜ. ಆದರೆ ಸಾಮಾನ್ಯವಾಗಿ ಅದರಿಂದ ಏರುವುದು 2ರಿಂದ 5 ಕೆಜಿ. ಅದರಲ್ಲೂ ಹೆಚ್ಚಿನದು ಕೊಬ್ಬಲ್ಲ, ದೇಹ ಹಿಡಿದಿಟ್ಟುಕೊಂಡ ಉಪ್ಪು ಮತ್ತು ನೀರು. ಮುಖ, ಕಣ್ಣಿನ ಸುತ್ತ ಊದಿಕೊಳ್ಳುವುದು ಅದರಿಂದಲೇ. ಮಾತ್ರೆ ಹಿಡಿದ ಮೇಲೆ ನನಗೆ ಮೊದಲು ಸಡಿಲವಾದದ್ದು ಬಟ್ಟೆಯಲ್ಲ, ಬೆರಳಿನ ಉಂಗುರ. ನಿಮ್ಮ ಎರಡು ಕೆಜಿಯೂ ಬಹುಶಃ ಈ ನೀರೇ. ಮಾತ್ರೆ ತನ್ನ ಕೆಲಸ ಮಾಡಿದೆ ಎಂದೇ ನಾನು ತಿಳಿಯುತ್ತೇನೆ.

ಉಳಿದ ತೂಕ ಎಲ್ಲಿಂದ ಬಂತು ಎಂದು ಹಿಂತಿರುಗಿ ನೋಡಿದರೆ, ಸುಸ್ತಿನಿಂದ ನಡಿಗೆ ನಿಂತು ವರ್ಷವಾಗಿತ್ತು. ಕಾಯಿಲೆಯ ಹೆಸರು ಗೊತ್ತಾದ ಮೇಲಂತೂ “ಹೇಗೂ ಥೈರಾಯ್ಡ್ ಇದೆಯಲ್ಲ” ಎಂದುಕೊಂಡು ತಟ್ಟೆಯ ಮೇಲೆ ಗಮನವನ್ನೇ ಬಿಟ್ಟಿದ್ದೆ. ಸುಸ್ತು ಹೋದ ಮೇಲೆ ದಿನಕ್ಕೆ 45 ನಿಮಿಷ ನಡಿಗೆ, ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ ಹಿಡಿದೆ. ಒಂದೂವರೆ ವರ್ಷದಲ್ಲಿ 5 ಕೆಜಿ ಇಳಿಯಿತು. ಅಷ್ಟೇ. ಮೂರೇ ತಿಂಗಳಲ್ಲಿ ಕರಗಿಸುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ. ಸಮುದ್ರಪಾಚಿಯ ಅಯೋಡಿನ್ ಗುಳಿಗೆಯನ್ನೂ ನೀವಾಗಿಯೇ ತೆಗೆದುಕೊಳ್ಳಬೇಡಿ, ಅಯೋಡಿನ್ ಅತಿಯಾದರೂ ಗ್ರಂಥಿ ಕೆಡುತ್ತದೆ.

ಉತ್ತರ 2:
ಪ್ರಮಾಣ ಹೆಚ್ಚಿಸುವ ವಿಷಯಕ್ಕಷ್ಟೇ ಉತ್ತರಿಸುತ್ತೇನೆ, ಏಕೆಂದರೆ ನಾನು ಆ ಕಡೆಯ ತುದಿಯನ್ನು ಕಂಡವನು. ನನ್ನದು ಗ್ರೇವ್ಸ್ ಕಾಯಿಲೆ, ಗ್ರಂಥಿ ಅತಿಯಾಗಿ ದುಡಿಯುವ ಬಗೆ. ಇಬ್ಬರ ಊಟ ಒಬ್ಬನೇ ಮಾಡುತ್ತಿದ್ದರೂ ನಾಲ್ಕು ತಿಂಗಳಲ್ಲಿ 8 ಕೆಜಿ ಇಳಿದೆ. ಕಂಡವರೆಲ್ಲ ಹೊಗಳಿದರು, ನಾನೂ ಬೀಗಿದೆ. ಆದರೆ ಕೈ ನಡುಗುತ್ತಿತ್ತು, ಮಲಗಿದ್ದಾಗಲೂ ನಾಡಿ 110, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವಿಲ್ಲ. ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗಿತ್ತು. ಬೇಕಾದದ್ದಕ್ಕಿಂತ ಹೆಚ್ಚು ಮಾತ್ರೆ ನುಂಗಿದರೆ ನೀವು ಬಂದು ನಿಲ್ಲುವುದು ಇಲ್ಲಿಗೇ. ಹೃದಯದ ಲಯ ತಪ್ಪಬಹುದು, ಮೂಳೆ ಸವೆಯಬಹುದು. ಚಿಕಿತ್ಸೆಯಾದ ಮೇಲೆ ನನಗೆ 8ರ ಜಾಗದಲ್ಲಿ 10 ಕೆಜಿ ಮರಳಿತು. ಕಾಯಿಲೆ ಹೋದರೂ ಇಬ್ಬರ ಊಟದ ಅಭ್ಯಾಸ ಹೋಗಿರಲಿಲ್ಲ.

ಉತ್ತರ 3:
ಮಾತ್ರೆಯನ್ನು ಯಾವಾಗ ನುಂಗುತ್ತೀರಿ? ನಾನು ಕಾಫಿ ಮತ್ತು ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ನುಂಗುತ್ತಿದ್ದೆ, ವರ್ಷವಾದರೂ ಟಿಎಸ್‌ಎಚ್ ಇಳಿಯಲೇ ಇಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತಿನ್ನುತ್ತಿದ್ದರೆ ವೈದ್ಯರಿಗೆ ಹೇಳಿ, ಅದು ರಕ್ತಪರೀಕ್ಷೆಯ ಅಂಕಿಯನ್ನೇ ತಪ್ಪಾಗಿ ತೋರಿಸಬಲ್ಲದು.

ಉತ್ತರ 4:
ನನ್ನದು ತಿರುಗುಮುರುಗು ಕಥೆ. ತೂಕ 96 ಕೆಜಿ ಇದ್ದಾಗ ಟಿಎಸ್‌ಎಚ್ 5.8, ಟಿ4 (ಥೈರಾಯ್ಡ್ ಗ್ರಂಥಿಯೇ ಮಾಡುವ ಹಾರ್ಮೋನ್) ಸರಿಯಾಗಿತ್ತು. ಥೈರಾಯ್ಡ್‌ನಿಂದಲೇ ದಪ್ಪಗಾದೆ ಎಂದು ಮನೆಯವರೆಲ್ಲರ ತೀರ್ಪು. ವೈದ್ಯರು ಮಾತ್ರೆ ಕೊಡಲಿಲ್ಲ. ತೂಕ ಹೆಚ್ಚಾದಾಗಲೂ ಟಿಎಸ್‌ಎಚ್ ಕೊಂಚ ಏರಬಹುದು ಎಂದರು. ಎರಡು ವರ್ಷದಲ್ಲಿ 84ಕ್ಕೆ ಬಂದೆ, ಟಿಎಸ್‌ಎಚ್ ತಾನಾಗಿ 3.1 ಆಯಿತು. ನಿಮ್ಮ 14ಕ್ಕೆ ಇದು ಅನ್ವಯಿಸುವುದಿಲ್ಲ, ಗಡಿಯಂಚಿನ ಅಂಕಿ ಹಿಡಿದು ಕುಳಿತಿರುವವರು ಓದಲಿ ಎಂದು ಬರೆದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಪ್ರಮಾಣ ಹೆಚ್ಚಿಸುವ ಯೋಚನೆ ಬಿಟ್ಟೆ. ಕ್ಯಾಲ್ಸಿಯಂ ಮಾತ್ರೆಯನ್ನು ನಾನೂ ತಿಂಡಿಯ ಜೊತೆಗೇ ನುಂಗುತ್ತಿದ್ದೆ, ಇಂದಿನಿಂದ ರಾತ್ರಿಗೆ ಬದಲಾಯಿಸುತ್ತೇನೆ.

ಉತ್ತರ 3:
ಬದಲಾಯಿಸುವುದನ್ನು ವೈದ್ಯರಿಗೂ ತಿಳಿಸಿ. ಇನ್ನು ಮುಂದೆ ಮಾತ್ರೆ ಹೆಚ್ಚು ಹೀರಿಕೆಯಾಗಬಹುದು, 50 ನಿಮಗೆ ಜಾಸ್ತಿಯೂ ಆದೀತು. ಆರರಿಂದ ಎಂಟು ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ನೋಡಿಸಿ.