ಕಾರಿನ ಹಿಂದಿನ ಟ್ರೈಲರಿಗೆ ‘ಮೂಕಿಭಾರ’ ಸರಿಯೇ? ಕಟ್ಟುಮರದ ‘ಹಲ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ಹೋಬಿ 16 ಹಾಯಿದೋಣಿ ಒಂದು ಕೈಗೆ ಬಂತು. ಅಕ್ಕಪಕ್ಕ ಎರಡು ಮೈ ಜೋಡಿಸಿದ ಕ್ಯಾಟಮರಾನ್ ಜಾತಿಯದು. ಅದನ್ನು ಕೆರೆಯವರೆಗೆ ಎಳೆದೊಯ್ಯಲು ನಾನೂ ಭಾವನೂ ಸೇರಿ ಮನೆಯಲ್ಲೇ ಟ್ರೈಲರ್ ಕಟ್ಟಿದೆವು. ಮಾಡಿದ್ದನ್ನು ಕನ್ನಡದಲ್ಲಿ ಬರೆದಿಡೋಣ ಅಂತ ಕೂತರೆ ಎರಡನೇ ಸಾಲಿಗೇ ತಡವರಿಸಿದೆ.

‘ಟ್ರೈಲರ್’ ಬಗ್ಗೆ ತಕರಾರಿಲ್ಲ. ಕಬ್ಬು ಹೇರುವ ಟ್ರ್ಯಾಕ್ಟರಿನ ಹಿಂದಿರುವುದೂ ಅದೇ ಅಲ್ವಾ. ಪೇಚು ಬಂದದ್ದು ‘ಟಂಗ್ ವೇಯ್ಟ್’ಗೆ. ಅಂದರೆ ಟ್ರೈಲರಿನ ಮುಂತುದಿ ಕಾರಿನ ಕೊಂಡಿಯ ಮೇಲೆ ಊರುವ ಭಾರ. ‘ನಾಲಿಗೆ ತೂಕ’ ಅಂತ ಬರೆದು ಭಾವನಿಗೆ ತೋರಿಸಿದೆ. “ಯಾರ ನಾಲಿಗೆ?” ಅಂದರು.

ಆಗ ತಾತನ ಎತ್ತಿನ ಗಾಡಿ ನೆನಪಾಯಿತು. ಹುಲ್ಲು ಮುಂದಕ್ಕೆ ಜಾಸ್ತಿ ಹೇರಿದರೆ ಮುಂಭಾರ, ಎತ್ತಿನ ಹೆಗಲಿಗೆ ಪೆಟ್ಟು. ಹಿಂದಕ್ಕೆ ಹೆಚ್ಚಾದರೆ ಹಿಂಭಾರ, ಮೂಕಿ (ನೊಗ ಕಟ್ಟುವ ಗಾಡಿಯ ಮುಂತುದಿ) ಮೇಲೆದ್ದು ನೊಗದ ಹಗ್ಗ ಕೊರಳು ಬಿಗಿಯುತ್ತದೆ. ಟ್ರೈಲರಿನ ಕಥೆಯೂ ಇದೇ. ಹಿಂಭಾರವಾದರೆ ವೇಗದಲ್ಲಿ ಬಾಲ ಅತ್ತಿತ್ತ ಬೀಸಿ ಕಾರನ್ನೇ ಅಲುಗಾಡಿಸುತ್ತದೆ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಮುಂದೆ ಊರಬೇಕು. ನಮ್ಮದು ದೋಣಿ ಸೇರಿ 300 ಕೆಜಿ. ಬಚ್ಚಲಮನೆಯ ತೂಕದ ಯಂತ್ರವನ್ನು ಮುಂತುದಿಯ ಕೆಳಗಿಟ್ಟರೆ ಬರೀ 8 ತೋರಿಸಿತು! ಗಾಲಿಗಳ ಅಚ್ಚನ್ನು ಒಂದಡಿ ಹಿಂದಕ್ಕೆ ಸರಿಸಿದ ಮೇಲೆ 30ರ ಹತ್ತಿರ ಬಂತು.

ಇದಕ್ಕೆ ‘ಮುಂಭಾರ’ ಅನ್ನಲು ಮನಸ್ಸಿಲ್ಲ. ಗಾಡಿಯವರ ಬಾಯಲ್ಲಿ ಅದು ತಪ್ಪಿನ ಹೆಸರು. ಇದು ಇರಲೇಬೇಕಾದ ಭಾರ. ‘ಮೂಕಿಭಾರ’ ಅಂದರೆ ಹೇಗೆ? ಮೂಕಿ ಹಳೇ ಮೈಸೂರು ಕಡೆಯ ಮಾತು. ಉತ್ತರ ಕರ್ನಾಟಕದವರು ಬಂಡಿಯ ಆ ತುದಿಗೆ ಏನಂತೀರಿ?

ಇನ್ನೊಂದು, ದೋಣಿ ಕೂರುವ ಆಸರೆ. ಈ ದೋಣಿಯ ಮೈಯ ಗೋಡೆ ಅಂದರೆ ಎರಡು ಫೈಬರ್ ಪದರ, ನಡುವೆ ಫೋಮ್. ಒಂದೇ ಕಡೆ ಭಾರ ಊರಿದರೆ ಮೆತ್ತಗಾಗಿ ತಗ್ಗು ಬೀಳುತ್ತದೆ. ಅದಕ್ಕೇ ಎರಡು ಮೈಗಳನ್ನು ಜೋಡಿಸುವ ಅಡ್ಡಪಟ್ಟಿ ಸೇರುವ ಗಟ್ಟಿ ಜಾಗದ ಕೆಳಗೆ, ಮೈಯ ಬಾಗಿಗೆ ಹೊಂದುವ ಅಗಲದ ಆಸರೆ ಇಟ್ಟು ಜಮಖಾನೆ ಸುತ್ತಿದೆವು. ಇಂಗ್ಲಿಷಿನವರು ಇದನ್ನು ತೊಟ್ಟಿಲು ಅನ್ನುತ್ತಾರೆ. ನನಗೆ ‘ಸಿಂಬೆ’ ಅನ್ನಿಸಿತು. ಕೊಡದ ಕೆಳಗಿನ ಸಿಂಬೆಯ ಕೆಲಸವೂ ಇದೇ ತಾನೇ? ದುಂಡಗಿಲ್ಲ, ಅಷ್ಟೇ.

ನಿಜವಾಗಿ ಸಿಕ್ಕಿಬಿದ್ದದ್ದು ‘ಹಲ್’ ಹತ್ತಿರ. ಅಂದರೆ ನೀರಲ್ಲಿ ತೇಲುವ, ಒಳಗೆ ಟೊಳ್ಳಿರುವ ದೋಣಿಯ ಮೈ. ಕ್ಯಾಟಮರಾನ್ ಅಂದರೆ ತಮಿಳಿನ ಕಟ್ಟುಮರಂ. ಕನ್ನಡಕ್ಕೆ ತರಲು ಶ್ರಮವೇ ಇಲ್ಲ, ಕಟ್ಟು, ಮರ ಎರಡೂ ನಮ್ಮವೇ. ಆದರೆ ಮೂಲ ಕಟ್ಟುಮರ ದಿಮ್ಮಿಗಳನ್ನು ಹಗ್ಗದಿಂದ ಬಿಗಿದ ತೆಪ್ಪ. ಇಂಗ್ಲಿಷ್ ನಾವಿಕ ಡ್ಯಾಂಪಿಯರ್ ಕೋರಮಂಡಲ ಕರಾವಳಿಯಲ್ಲಿ ಕಂಡು 1697ರಲ್ಲಿ ವರ್ಣಿಸಿದ್ದೂ ಅದನ್ನೇ: ಕೂತವನ ಕಾಲು ನೀರಲ್ಲೇ. ಅದಕ್ಕೆ ಒಳಗು ಅಂತಲೇ ಇಲ್ಲ! ಇಂದಿನ ಜೋಡಿದೋಣಿಯ ವಿನ್ಯಾಸಕ್ಕೆ ಹತ್ತಿರದ್ದು ಶಾಂತಸಾಗರದ ಪಾಲಿನೇಷ್ಯಾದವರ ದೋಣಿ. ಹೆಸರು ಒಂದು ಕಡೆಯದು, ರೂಪ ಇನ್ನೊಂದು ಕಡೆಯದು. ಹಾಗಾಗಿ ‘ಕಟ್ಟುಮರದ ಒಡಲು’ ಅಂತ ಬರೆದಾಗ ಪೆನ್ನು ನಿಂತಿತು. ಕ್ಯಾಟಮರಾನಿಗೆ ‘ಜೋಡಿದೋಣಿ’, ಅದರ ಒಂದೊಂದು ಹಲ್‌ಗೆ ‘ಒಡಲು’ ಅಂದರೆ ಒಪ್ಪುತ್ತದೆಯೇ?

ಈ ಜೋಡಿಯ ಅಗಲವೇ ಟ್ರೈಲರಿನ ಅಳತೆಯನ್ನು ತೀರ್ಮಾನಿಸುವುದು. ನಮ್ಮದು 2.41 ಮೀಟರ್, ಮಟ್ಟಸವಾಗಿಯೇ ಕೂರುತ್ತದೆ. ಒಲಿಂಪಿಕ್ಸ್‌ನಲ್ಲಿದ್ದ ಟೊರ್ನಾಡೊ ಜಾತಿಯದು 3 ಮೀಟರಿಗೂ ಸ್ವಲ್ಪ ಜಾಸ್ತಿ. ಅದನ್ನು ಓರೆಯಾಗಿ ಎತ್ತಿ ನಿಲ್ಲಿಸಬೇಕು, ಇಲ್ಲವೇ ಬಿಚ್ಚಬೇಕು. ಆ ಓರೆ ಟ್ರೈಲರಿಗೆ ‘ವಾಲುಗಾಡಿ’ ಅನ್ನಬಹುದೇನೋ.

ಕೊನೆಯದಾಗಿ ಕರಾವಳಿಯವರಿಗೆ. ಹಾಯಿ ಕಟ್ಟುವ ಕಂಬಕ್ಕೆ ನಿಘಂಟಿನಲ್ಲಿ ‘ಕೂವೆ’ ಇದೆ. ನಮ್ಮ ದೋಣಿ 5 ಮೀಟರ್, ಕೂವೆ 8 ಮೀಟರ್; ಮಲಗಿಸಿ ಒಯ್ಯುವಾಗ ದೋಣಿಯಿಂದಾಚೆಗೆ ಚಾಚುತ್ತದೆ. ಅದಕ್ಕೇ ಮೂಕಿಯನ್ನು ಉದ್ದ ಮಾಡಿ, ಮುಂದೊಂದು ಆನಿಕೆ ಕಂಬ ನಿಲ್ಲಿಸಿದೆವು. ಕಾರವಾರ, ಮಲ್ಪೆ ಕಡೆ ಈಗಲೂ ಕೂವೆ ಅಂತೀರಾ, ಅಥವಾ ಬೇರೆ ಮಾತಿದೆಯೇ?